ಕಾಲಿಗೆ ತಿಳಿಯದ ನೀರು

ಕಡಲಾಚೆಯ ಬೆಲ್‌ವ್ಯೂ ಊರಿನ ಕ್ರಾಸ್‌ರೋಡ್ಸ್ ಬಡಾವಣೆಯ ಸುತ್ತಮುತ್ತ ಇರುವ ಕನ್ನಡದವರಲ್ಲಿ ಯಾರ ಹತ್ತಿರವಾದರೂ ಶಫಿಯ ಹೆಸರು ಹೇಳಿ ನೋಡಿ, "ದೋಣಿ ಇಟ್ಟಿದಾರಲ್ಲ, ಅವ್ರಾ?" ಅನ್ನುತ್ತಾರೆ. ಕಾರು ಮನೆಗೆರಡು ಇಟ್ಟವರು ಬೇಕಾದಷ್ಟು ಮಂದಿ. ದೋಣಿ ಇಟ್ಟವನು ಇವನೊಬ್ಬನೇ. ಹದಿನಾಲ್ಕು ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿ. ಅದಕ್ಕೆ ತಾನೇ ಪ್ಲೈವುಡ್ ಕೊಯ್ದು ನೆಲ ಹಾಕಿ, ಮೇಲೆ ಹಸಿರು ಕಾರ್ಪೆಟ್ ಅಂಟಿಸಿದ್ದ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿದವನು, ವಯಸ್ಸು ನಲವತ್ತೊಂಬತ್ತು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ನೌಕರಿ. ಹೆಂಡತಿ ರೇಹಾನಾ ಒಂದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದಳು. ಮಗಳು ಅರ್ಶಿಯಾಗೆ ಹದಿನೈದು.

ಅವನಿಗೆ ಹುಚ್ಚು ಹಿಡಿಸಿದ್ದು ಬ್ಯಾಸ್ ಮೀನು. ದೊಡ್ಡಬಾಯಿಯ ಬ್ಯಾಸ್ ಅಂತ ಕರೆಯುತ್ತಾರೆ, ಬಾಯಿ ತೆರೆದರೆ ಮುಷ್ಟಿ ಹೋಗುತ್ತದೆ. ಬೇಸಿಗೆಯಲ್ಲಿ ಅದನ್ನು ಹಿಡಿಯುವುದು ಏನು ಮಹಾ? ಗಾಳ ನೀರಿಗೆ ಬಿದ್ದರೆ ಸಾಕು, ಬೀದಿನಾಯಿಯ ಹಾಗೆ ಎರಗುತ್ತದೆ. ಅದರ ಗುಟ್ಟು ತಿಳಿಯಬೇಕಾದರೆ ಮಾರ್ಚ್ ತಿಂಗಳಲ್ಲಿ ಹೋಗಬೇಕು. ಆಗ ಕೆರೆಯ ನೀರು ಫ್ರಿಜ್ಜಿನಿಂದ ತೆಗೆದ ಹಾಗಿರುತ್ತದೆ. ಮೀನು ಅಲ್ಲಾಡುವುದಿಲ್ಲ. ದಡದ ಇಳಿಜಾರು ಮುಗಿದು ಆಳ ಶುರುವಾಗುವ ಅಂಚಿನಲ್ಲಿ, ಹೋದ ವರ್ಷದ ತಾವರೆಯ ಒಣ ದಂಟುಗಳ ಬುಡದಲ್ಲಿ, ತಪಸ್ಸಿಗೆ ಕೂತ ಹಾಗೆ ಕೂತಿರುತ್ತದೆ. ಮಧ್ಯಾಹ್ನದ ಬಿಸಿಲು ಬಡಗಣ ದಡವನ್ನು ಒಂದೆರಡು ಡಿಗ್ರಿ ಬೆಚ್ಚಗೆ ಮಾಡಿದಾಗ ಅದರ ಮೂತಿಯ ಮುಂದೆಯೇ ಗಾಳ ಇಳಿಸಬೇಕು, ಇಳಿಸಿ ಸುಮ್ಮನಿರಬೇಕು. ಮನಸ್ಸಾದರೆ ಅದು ಬಾಯಿಗೆಳೆದುಕೊಳ್ಳುತ್ತದೆ, ಅದೂ ಉಸಿರೆಳೆದಷ್ಟು ಮೆಲ್ಲಗೆ. ಮೇಲೆ ಕೋಲು ಹಿಡಿದವನಿಗೆ ಜಗ್ಗಿದ್ದು ಗೊತ್ತಾಗುವುದೇ ಇಲ್ಲ. ದಾರಕ್ಕೆ ಒಂದು ಒದ್ದೆ ಎಲೆ ಅಂಟಿಕೊಂಡಷ್ಟು ಭಾರ, ಅಷ್ಟೇ. ಆ ಎಲೆಯ ಭಾರ ಬೆರಳಿಗೆ ತಿಳಿದವನಿಗೆ ಮೀನು ಉಂಟು. ತಿಳಿಯದವನಿಗೆ ಬರಿಗೈ.

ಶಫಿಯ ಬೆರಳುಗಳಿಗೆ ಹತ್ತು ವರ್ಷ ಅದು ತಿಳಿಯುತ್ತಿತ್ತು. ಈಚೆಗೆ ಎರಡು ವರ್ಷದಿಂದ ತಿಳಿಯುತ್ತಿರಲಿಲ್ಲ.

ಶುಗರ್ ಬಂದು ಹದಿಮೂರು ವರ್ಷವಾಗಿತ್ತು. ಮೊದಲು ಪಾದಗಳು ಮರಗಟ್ಟಿದವು. ದಪ್ಪ ಕಾಲುಚೀಲ ಹಾಕಿಕೊಂಡು ನಡೆದ ಹಾಗೆ, ಆಮೇಲೆ ಯಾರದೋ ಕಾಲಿನಲ್ಲಿ ನಡೆದ ಹಾಗೆ ಆಗತೊಡಗಿತು. ನಂತರ ಬೆರಳ ತುದಿಗಳ ಸರದಿ. ಯಾರಿಗೂ ಹೇಳಲಿಲ್ಲ. ಗಾಳಕ್ಕೆ ಕಣ್ಣು ಕುಕ್ಕುವ ಹಳದಿ ದಾರ ಕಟ್ಟಿಕೊಂಡ. ಬೆರಳಿಗೆ ಗೊತ್ತಾಗದ್ದನ್ನು ಕಣ್ಣಿನಲ್ಲಿ ಹಿಡಿಯುವ ಉಪಾಯ. ಯಾರಾದರೂ ಕೇಳಿದರೆ, "ಹೊಸ ಟೆಕ್ನಾಲಜಿ" ಅನ್ನುತ್ತಿದ್ದ.

ಹೋದ ಚಳಿಗಾಲದಲ್ಲಿ ರೇಹಾನಾಳ ಕಾಟ ತಡೆಯಲಾರದೆ ಡಾಕ್ಟರ ಹತ್ತಿರ ಹೋಗಿದ್ದ. ಅಲ್ಲಿನ ನರ್ಸಮ್ಮ ಒಂದು ಸಣ್ಣ ನೈಲಾನ್ ಎಳೆ ತೆಗೆದಳು, ಥೇಟು ಗಾಳದ ದಾರವೇ. "ಕಣ್ಣು ಮುಚ್ಚಿಕೊಳ್ಳಿ, ಅಂಗಾಲಿಗೆ ಮುಟ್ಟಿಸ್ತೀನಿ, ಗೊತ್ತಾದಾಗ ಹೇಳಿ" ಅಂದಳು. ಶಫಿ ರೆಪ್ಪೆಯ ಸಂದಿಯಿಂದ ಅವಳ ಕೈ ನೋಡುತ್ತ, ಮುಟ್ಟಿಸಿದಾಗಲೆಲ್ಲ "ಎಸ್" ಅಂದ. ಹತ್ತಕ್ಕೆ ಹತ್ತು. ನರ್ಸಮ್ಮ ಸಂತೋಷದಿಂದ ಬರೆದುಕೊಂಡಳು. ಪಾರ್ಕಿಂಗ್ ಲಾಟಿಗೆ ಬಂದು ವ್ಯಾನಿನಲ್ಲಿ ಕೂತವನು ಕಾಲು ಗಂಟೆ ಹಾಗೇ ಕೂತಿದ್ದ.

ಇಂಥ ಕಳ್ಳತನ ಯಾಕೆ ಅಂತೀರಾ? ಅವನ ಅಬ್ಬ ಮೈಸೂರಿನಲ್ಲಿ ಸಿಟಿ ಬಸ್ಸಿನ ಡ್ರೈವರ್. ಐವತ್ತೆರಡನೇ ವಯಸ್ಸಿಗೆ ಇದೇ ಶುಗರಿಗೆ ಒಂದು ಕಾಲು ತೆಗೆದರು. ಆಮೇಲೆ ಅವರು ಹನ್ನೊಂದು ವರ್ಷ ಬದುಕಿದ್ದರು, ಕಿಟಕಿಯ ಪಕ್ಕ, ಒಂದೇ ಕುರ್ಚಿಯಲ್ಲಿ. ಹೇಳಿಬಿಟ್ಟರೆ ಮೊದಲು ದೋಣಿ ಕಿತ್ತುಕೊಳ್ಳುತ್ತಾರೆ, ಹಿಂದೆಯೇ ವ್ಯಾನಿನ ಕೀ ಕಿತ್ತುಕೊಳ್ಳುತ್ತಾರೆ, ಕೊನೆಗೆ ಆ ಕುರ್ಚಿ ತಂದು ಹಾಕುತ್ತಾರೆ. ಹೀಗೆ ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಕೆರೆಯಲ್ಲಿ ಮೀನು ತಪ್ಪಿದರೆ ತಪ್ಪಲಿ, ಯಾರಿಗೇನು ನಷ್ಟ? ಆದರೆ ವ್ಯಾನಿನ ವಿಷಯ ಹಾಗಲ್ಲ. ವಾರದ ಐದು ದಿನ ಬೆಳಿಗ್ಗೆ ಅವನು ಅರ್ಶಿಯಾಳನ್ನು ಕೂರಿಸಿಕೊಂಡು ಪಕ್ಕದ ಊರಾದ ರೆಡ್‌ಮಂಡಿನ ಎಜುಕೇಶನ್ ಹಿಲ್ ಅನ್ನುವ ಗುಡ್ಡ ಹತ್ತಿ, ಗೆಳೆಯ ಕೇಶವನ ಮಗಳು ಜಾಹ್ನವಿಯನ್ನೂ ಹತ್ತಿಸಿಕೊಂಡು, ಇಬ್ಬರನ್ನೂ ಕಿರ್ಕ್‌ಲ್ಯಾಂಡ್ ಕಡೆಯ ಸ್ಕೂಲಿಗೆ ಬಿಡುತ್ತಿದ್ದ. ಸಂಜೆ ಕರೆತರುವುದು ಕೇಶವನ ಪಾಲು. ಏಳು ವರ್ಷದಿಂದ ನಡೆದು ಬಂದ ಒಪ್ಪಂದ. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ಗುಡ್ಡದ ಬುಡದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಶಫಿ ಬ್ರೇಕ್ ಒತ್ತಿದ. ಒತ್ತಿದೆ ಅಂದುಕೊಂಡ. ಕಾಲು ಎರಡು ಪೆಡಲುಗಳ ಮಧ್ಯೆ ಬರೀ ನೆಲ ಒತ್ತುತ್ತಿತ್ತು. ವ್ಯಾನು ಬಿಳಿ ಗೆರೆ ದಾಟಿ ಅರ್ಧ ಹೋಗಿ ನಿಂತಾಗ ಎದುರಿನ ಲಾರಿಯವನು ಹಾರ್ನ್ ಹೊಡೆದು ಕಿವಿ ತೂತು ಮಾಡಿದ. ಹಿಂದೆ ಕೂತಿದ್ದ ಜಾಹ್ನವಿ ಇಯರ್‌ಫೋನ್ ಕಿತ್ತು, "ಯು ಓಕೆ, ಅಂಕಲ್?" ಅಂದಳು.

"ರೋಡು ಒದ್ದೆ ಆಗಿದೆ ಕಣಮ್ಮಾ," ಅಂದ ಶಫಿ.

ಅಂದಿನಿಂದ ಸಿಗ್ನಲ್ ಬಂದಾಗಲೆಲ್ಲ ಬಗ್ಗಿ ಕಾಲನ್ನು ನೋಡಿಕೊಂಡು ಬ್ರೇಕ್ ಒತ್ತುತ್ತಿದ್ದ. ಪ್ರತಿ ರಾತ್ರಿ ನಾಳೆ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದ. ಬೆಳಗಾದರೆ ಕೀ ತೆಗೆದುಕೊಂಡು ಇಳಿಯುತ್ತಿದ್ದ.

ಈಗ ಒಂದು ಬಿರಡೆಯ ವಿಷಯ ಹೇಳಬೇಕು. ಇಂಥ ದೋಣಿಗಳ ಹಿಂಭಾಗದಲ್ಲಿ, ತೀರ ಕೆಳಗೆ, ಹೆಬ್ಬೆಟ್ಟು ಹಿಡಿಸುವಷ್ಟು ಒಂದು ತೂತು ಇರುತ್ತದೆ. ಒಳಗೆ ಸೇರಿದ ನೀರು ದಡಕ್ಕೆ ಬಂದ ಮೇಲೆ ಬಸಿದು ಹೋಗಲಿ ಅಂತ. ನೀರಿಗಿಳಿಯುವಾಗ ಅದಕ್ಕೆ ಹೊರಗಿನಿಂದಲೋ ಒಳಗಿನಿಂದಲೋ ಹಿತ್ತಾಳೆಯ ಬಿರಡೆ ಜಡಿಯಬೇಕು. ಶಫಿಯ ಅಪಾರ್ಟ್‌ಮೆಂಟಿನಲ್ಲಿ ದೋಣಿ ನಿಲ್ಲಿಸಲು ಬಿಡುತ್ತಿರಲಿಲ್ಲವಾಗಿ ಅದು ವರ್ಷವಿಡೀ ಕೇಶವನ ಮನೆಯ ಪಕ್ಕದ ಓಣಿಯಲ್ಲಿ ಟಾರ್ಪಾಲು ಹೊದ್ದು ನಿಂತಿರುತ್ತಿತ್ತು. ಟಾರ್ಪಾಲು ಇದ್ದದ್ದರಿಂದ ಬಿರಡೆಯನ್ನು ಅವನು ತೆಗೆಯುತ್ತಲೇ ಇರಲಿಲ್ಲ.

ತೆಗೆದವಳು ಕೇಶವನ ಹೆಂಡತಿ ಉಷಾ. ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಮನೆಯ ಎರಡು ಕಾರಿಗೆ, ಹುಲ್ಲು ಕೊಯ್ಯುವ ಯಂತ್ರಕ್ಕೆ ಪೂಜೆಯಾಗುವಾಗ ಓಣಿಯಲ್ಲಿ ನಿಂತ ದೋಣಿಯನ್ನು ಬಿಟ್ಟರೆ ಏನು ಚೆನ್ನ? ಶಫಿ ಭಾಯ್‌ದಾದರೇನು, ನಮ್ಮ ಮನೆಯ ಪಕ್ಕದಲ್ಲೇ ಇದೆಯಲ್ಲ ಅಂತ ತೊಳೆಯಲು ಹೋದಳು. ಬಿರಡೆ ಪಾಚಿಗಟ್ಟಿ ಹಸಿರಾಗಿತ್ತು. ತಿರುಗಿಸಿದಳು, ಕೈಗೆ ಬಂತು. ದೇವರ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಳು. ಚಿನ್ನದ ಹಾಗೆ ಹೊಳೆಯಿತು. ಕುಂಕುಮ ಇಟ್ಟು ದೀಪದ ಪಕ್ಕ ಇಟ್ಟಳು. ಮಾರನೆಯ ದಿನ ಚಾಕು ಅಡುಗೆಮನೆಗೆ ಹೋಯಿತು, ಸ್ಪ್ಯಾನರು ಗ್ಯಾರೇಜಿಗೆ ಹೋಯಿತು. ಬಿರಡೆ ಮಾತ್ರ ದೇವರ ಗೂಡಿನಲ್ಲೇ ಗಂಟೆಯ ಪಕ್ಕ ಉಳಿಯಿತು. ಚಳಿಗಾಲವೆಲ್ಲ ಶುಕ್ರವಾರ ಶುಕ್ರವಾರ ಅದಕ್ಕೂ ಕುಂಕುಮ ಬಿತ್ತು.

ಎರಡು ಸಾವಿರದ ಹದಿನಾರನೇ ಇಸವಿಯ ಮಾರ್ಚ್, ಒಂದು ಶನಿವಾರ. ಹನ್ನೊಂದು ದಿನ ಸುರಿದ ಮಳೆ ನಿಂತು ಬಿಸಿಲು ಬಿದ್ದಿತ್ತು. ಶಫಿ ವ್ಯಾನು ತಂದು ದೋಣಿಯ ಟ್ರೈಲರನ್ನು ಸಿಕ್ಕಿಸುವ ಹೊತ್ತಿಗೆ ಕೇಶವ ಫ್ಲಾಸ್ಕು, ಅವಲಕ್ಕಿಯ ದೊಡ್ಡ ಸ್ಟೀಲ್ ಡಬ್ಬಿ ಹಿಡಿದು ಹೊರಬಂದ. ಕೇಶವ ಮೀನು ತಿನ್ನುವವನಲ್ಲ, ಮುಟ್ಟುವವನೂ ಅಲ್ಲ, ಈಜಂತೂ ಬಾರದು. ಆದರೂ ಆರು ವರ್ಷದಿಂದ ಶಫಿಯ ದೋಣಿಯ ಮುಂದಿನ ಹಲಗೆ ಅವನದೇ. ಹಿಂದೆಯೇ ಓಡಿ ಬಂದ ಉಷಾ ಒಂದು ಕಾಗದದ ಪೊಟ್ಟಣ ಅವನ ಜೇಬಿಗೆ ತುರುಕಿದಳು.

"ಇದು ದೋಣೀದು ರೀ. ಶಫಿ ಭಾಯ್ ಕೈಗೆ ಕೊಟ್ಬಿಡಿ, ಮರೀಬೇಡಿ."

"ಹೂಂ ಹೂಂ," ಅಂದ ಕೇಶವ. ಕೋಟಿನ ಜಿಪ್ಪು ಮೇಲೆಳೆದ. ಮರೆತ.

ಕೆರೆಯ ದಡದಲ್ಲಿ, ದೋಣಿ ಇಳಿಸುವ ಮುಂಚೆ, ಶಫಿ ಎಂದಿನ ಹಾಗೆ ಹಿಂದೆ ಹೋಗಿ ಕೆಳಗೆ ಕೈ ಹಾಕಿ ಹೆಬ್ಬೆರಳಿನಿಂದ ಸವರಿದ. ಬಗ್ಗಿ ನೋಡುವ ಜಾಗವಲ್ಲ ಅದು, ಹತ್ತು ವರ್ಷದಿಂದ ಹೆಬ್ಬೆರಳೇ ನೋಡುತ್ತಿತ್ತು. ತೂತಿನ ಅಂಚಿಗೆ ಹಿತ್ತಾಳೆಯ ಬಳೆಯೊಂದಿತ್ತು. ಬೆರಳಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಇದೆ ಅಂದುಕೊಂಡ.

ಇಬ್ಬರೂ ಲೈಫ್ ಜಾಕೆಟ್ ತೊಟ್ಟು ಹೊರಟರು. ಬ್ಯಾಟರಿಯ ಮೋಟಾರು ಸದ್ದಿಲ್ಲದೆ ತಳ್ಳಿಕೊಂಡು ಹೋಯಿತು. ಶಫಿ ನೀರಿಗೆ ಥರ್ಮಾಮೀಟರ್ ಬಿಟ್ಟು ನೋಡಿದ. ನಲವತ್ತಾರು ಡಿಗ್ರಿ, ಅದೂ ಫ್ಯಾರನ್‌ಹೀಟು. ಬಿದ್ದರೆ ಹತ್ತು ನಿಮಿಷದಲ್ಲಿ ಕೈಕಾಲು ಸ್ವಾಧೀನ ತಪ್ಪುವಷ್ಟು ತಣ್ಣಗೆ. ಕೆರೆಯಲ್ಲಿ ಇನ್ನೊಂದು ದೋಣಿ ಇರಲಿಲ್ಲ. ಬಡಗಣ ದಡದ ಒಣ ದಂಟುಗಳ ಹತ್ತಿರ ನಿಲ್ಲಿಸಿ, ಹೆಬ್ಬೆರಳ ಗಾತ್ರದ, ಕಪ್ಪು ಕೂದಲಿನ ಜೂಲು ಕಟ್ಟಿದ ಗಾಳವನ್ನು ಆಳದ ಅಂಚಿಗೆ ಎಸೆದ. ಇನ್ನೊಂದು ಕೋಲು ಕೇಶವನ ಕೈಯಲ್ಲಿ. ಅವನ ಗಾಳಕ್ಕೆ ಮೀನು ಸಿಕ್ಕರೆ ಬಿಡಿಸುವುದು ಶಫಿ, ಅದು ಕರಾರು.

"ಎಷ್ಟೊತ್ತು ಸುಮ್ನಿರ್ಬೇಕು?" ಅಂದ ಕೇಶವ.

"ಮನಸ್ನಲ್ಲೇ ಒಂದು ಶ್ಲೋಕ ಪೂರ್ತಿ ಹೇಳ್ಕೋ. ಆಮೇಲೆ ಅರ್ಧ ಇಂಚು ಎಳಿ. ಮತ್ತೆ ಇನ್ನೊಂದು ಶ್ಲೋಕ."

"ಮೀನು ಹಿಡಿಯೋಕೆ ಶ್ಲೋಕಾನಾ? ನಮ್ಮ ತಾತ ಕೇಳಿದ್ರೆ ನಿನ್ನ ಜೊತೆ ನನ್ನೂ ಕೆರೆಗೆ ತಳ್ತಿದ್ರು."

"ಪುಣ್ಯ ನಿಂಗೆ, ಮೀನು ನಂಗೆ. ಲೆಕ್ಕ ಸರಿಹೋಯ್ತಲ್ಲ ಸ್ವಾಮಿ."

ಅರ್ಧ ಗಂಟೆ ಕಳೆಯಿತು. ಪ್ಲೈವುಡ್ ನೆಲದ ಅಡಿ ನೀರು ಸದ್ದಿಲ್ಲದೆ ತುಂಬುತ್ತಿತ್ತು. ದೋಣಿಯ ಹಿಂದುಗಡೆ ತಗ್ಗುತ್ತ ಬಂತು.

"ನಿನ್ ಕಡೆ ಇಳಿಜಾರಾಗ್ತಾ ಇದೆಯಲ್ಲೋ," ಅಂದ ಕೇಶವ, ಮುಂದಿನ ಹಲಗೆಯ ಮೇಲಿಂದ.

"ರೇಹಾನಾ ಬಿರಿಯಾನಿ ಕಣಯ್ಯ. ಹತ್ತು ಕಿಲೋ ಏರಿಸಿದಾಳೆ ಈ ಚಳಿಗಾಲ."

ಮೋಟಾರು ಒತ್ತಿದರೆ ಎಳೆಯಲಾರದೆ ನರಳಿತು. ಚಳಿಗೆ ಬ್ಯಾಟರಿ ಸೊರಗಿದೆ ಅಂದುಕೊಂಡ ಶಫಿ. ಅವನ ಎರಡು ಕಣ್ಣೂ ಹಳದಿ ದಾರದ ಮೇಲಿದ್ದವು. ಬೆರಳಿಗೆ ಬರುತ್ತಿದ್ದ ಸುದ್ದಿಯನ್ನೆಲ್ಲ ಈಗ ಕಣ್ಣೇ ಓದಬೇಕಾಗಿತ್ತು. ರೆಪ್ಪೆ ಹೊಡೆಯಲೂ ಪುರಸೊತ್ತಿರಲಿಲ್ಲ. ಮಳೆಪ್ಯಾಂಟು ಬೂಟಿನ ಮೇಲೆ ಇಳಿಬಿದ್ದಿತ್ತು.

ದಾರ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು.

ಶಫಿ ಕೋಲನ್ನು ಎತ್ತಿದ. ಕೋಲು ಬಿಲ್ಲಾಯಿತು. "ಬಂತು! ಕೇಶವಾ, ಬಂತು! ಬಲೆ ತಗೋ!"

ಭಾರಿ ಮೀನು. ತಣ್ಣೀರಿನ ಮೀನು ಹಾರುವುದಿಲ್ಲ, ಕಲ್ಲಿನ ಹಾಗೆ ಕೆಳಗೆ ಜಗ್ಗುತ್ತದೆ. ಶಫಿಯ ಮುಖದಲ್ಲಿ ಎರಡು ವರ್ಷದಿಂದ ಕಾಣದಿದ್ದ ಬೆಳಕು. ಎಳೆದು, ಬಿಟ್ಟು, ಎಳೆದು ದೋಣಿಯ ಪಕ್ಕಕ್ಕೆ ತಂದ. ಬಲೆ ಹಿಡಿದರೆ ಮೀನು ಮುಟ್ಟಿದ ಹಾಗಲ್ಲ ಅಂತ ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ ಕೇಶವ, ಬಲೆ ಒಡ್ಡಿ, ಎತ್ತಿ, ದೋಣಿಯೊಳಗೆ ತಿರುಗಿಸುವಾಗ ಮಗುಚಿದ. ಮೀನು ಜಾರಿ ಶಫಿಯ ಕಾಲ ಬುಡಕ್ಕೆ ಬಿತ್ತು.

ಕಾರ್ಪೆಟ್ಟಿನ ಮೇಲೆ ಅದು ಪಟಪಟ ಬಡಿದುಕೊಳ್ಳಬೇಕಾಗಿತ್ತು. ಬಡಿದುಕೊಳ್ಳಲಿಲ್ಲ.

"ಶಫಿ," ಅಂದ ಕೇಶವ, "ಮೀನು ಈಜ್ತಾ ಇದೆ."

"ಮೀನು ಈಜ್ದೆ ಇನ್ನೇನ್ ಮಾಡುತ್ತೆ?"

"ದೋಣಿ ಒಳಗೆ ಕಣೋ! ನಿನ್ ಕಾಲು ನೋಡ್ಕೋ!"

ಶಫಿ ಕೆಳಗೆ ನೋಡಿದ. ಮೀನಖಂಡದ ಅರ್ಧದವರೆಗೆ ನೀರು. ಮಳೆಪ್ಯಾಂಟು ಬಲೂನಿನ ಹಾಗೆ ಊದಿಕೊಂಡು ತೇಲುತ್ತಿತ್ತು. ಹಸಿರು ಬೆನ್ನಿನ ದೊಡ್ಡ ಮೀನು ಅವನ ಎಡಗಾಲನ್ನು ಒಂದು ಸುತ್ತು ಹಾಕಿ, ಬಲಗಾಲಿಗೆ ಒರಗಿ ನಿಂತುಕೊಂಡಿತು. ಅದು ಒರಗಿದ್ದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಗೊತ್ತಾಗಲಿಲ್ಲ. ಹಿಮದಂಥ ಆ ನೀರೂ ಗೊತ್ತಾಗಿರಲಿಲ್ಲ. ತನ್ನದಲ್ಲದ ಎರಡು ಕಾಲುಗಳನ್ನು ನೋಡುವ ಹಾಗೆ ಅವನು ನೋಡುತ್ತ ಕೂತ.

"ಶಫಿ!"

"ಬಿರಡೆ... ಹಿಂದ್ಗಡೆ ತೂತಿಂದು. ಹಿತ್ತಾಳೇದು, ಇಷ್ಟೇ ಇಷ್ಟು. ಬಿದ್ಹೋಗಿದೆ."

ಕೇಶವನಿಗೆ ಜೇಬು ನೆನಪಾಯಿತು. ಲೈಫ್ ಜಾಕೆಟ್ಟಿನ ಕ್ಲಿಪ್ಪು ಕಿತ್ತು, ಕೋಟಿನೊಳಗೆ ಕೈ ಹಾಕಿ ಪೊಟ್ಟಣ ಎಳೆದ. ಕಾಗದ ಬಿಚ್ಚಿದರೆ, ಕುಂಕುಮ ಮೆತ್ತಿದ, ಚಿನ್ನದ ಹಾಗೆ ಹೊಳೆಯುವ ಬಿರಡೆ.

"ಉಷಾ ಕೊಟ್ಟಿದ್ಲು. ಮರ್ತ್ಬಿಟ್ಟೆ. ತಗೋ, ಹಾಕು, ಬೇಗ ಹಾಕು."

ಶಫಿ ಕಸಿದುಕೊಂಡು ಹಿಂದೆ ತಿರುಗಿ, ಪ್ಲೈವುಡ್ ಮುಗಿಯುವ ಸಂದಿಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿದ. ತಡಕಿದ. ಕದಡಿದ ನೀರಿನಲ್ಲಿ ಕಣ್ಣಿಗೆ ಕೆಲಸವಿರಲಿಲ್ಲ, ಬೆರಳೇ ಹೇಳಬೇಕಾಗಿತ್ತು. ತೂತು ಎಲ್ಲಿ, ಗೋಡೆ ಎಲ್ಲಿ, ಬೆರಳು ಏನೂ ಹೇಳಲಿಲ್ಲ. ಮತ್ತೆ ತಡಕಿದ. ಕೈ ಮೇಲೆತ್ತಿ ಉಸಿರು ತೆಗೆದುಕೊಂಡಾಗ ಕೇಶವ ಅವನ ಕೈಯನ್ನೇ ನೋಡುತ್ತಿದ್ದ. ಹೆಬ್ಬೆರಳು, ತೋರುಬೆರಳು ಏನನ್ನೋ ಹಿಡಿದುಕೊಂಡ ಹಾಗೇ ಗಟ್ಟಿಯಾಗಿದ್ದವು. ಮಧ್ಯೆ ಬಿರಡೆ ಇರಲಿಲ್ಲ.

"ಎಲ್ಲಿ?"

"ಏನು?"

"ಬಿರಡೆ ಎಲ್ಲೋ?"

ಶಫಿ ತನ್ನ ಬೆರಳುಗಳನ್ನು ನೋಡಿಕೊಂಡ.

ಕೇಶವ ಹಲಗೆಯಿಂದ ಕೆಳಗಿಳಿದ. "ಮುಂದಕ್ಕೆ ಬಾ. ಅಂಬೆಗಾಲಲ್ಲಿ ಬಾ. ಇಬ್ರೂ ಅಲ್ಲೇ ಇದ್ರೆ ಮುಳುಗುತ್ತೆ," ಅಂದ. ಬೆಂಗಳೂರಿನ ಸ್ಯಾಂಕಿ ಕೆರೆಯಲ್ಲಿ ದೋಣಿ ಹತ್ತಲೂ ಹೆದರುತ್ತಿದ್ದ ಮನುಷ್ಯ, ತೊನೆಯುವ ದೋಣಿಯಲ್ಲಿ ಗೆಳೆಯನನ್ನು ದಾಟಿ ಹಿಂದಕ್ಕೆ ತೆವಳಿ, ಹೊಟ್ಟೆಯ ಮೇಲೆ ಮಲಗಿ, ಎರಡು ಕೈಯನ್ನೂ ನೀರಿಗಿಳಿಸಿದ. ಚಳಿಗೆ ಕಿರುಚಿದ. ಕಿರುಚುತ್ತಲೇ ತಡಕಿದ. ಮೀನು ಕೈಗೆ ಸಿಕ್ಕಿತು. ಎರಡು ಕೈಯಲ್ಲಿ ಬಾಚಿ ಹೊರಗೆ ಎಸೆದ, ಎಸೆದದ್ದು ಮೀನು ಅನ್ನುವುದೂ ಅವನ ಗಮನಕ್ಕೆ ಬರಲಿಲ್ಲ. ಬ್ಯಾಟರಿಯ ಪೆಟ್ಟಿಗೆಯ ಅಡಿ ಬಿರಡೆ ಸಿಕ್ಕಿತು. ತೂತು ಸಿಕ್ಕಿತು. ಒತ್ತಿದ, ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ.

ಡಬ್ಬಿಯ ಅವಲಕ್ಕಿಯೆಲ್ಲ ಕೆರೆಗೆ ಹೋಯಿತು. ಅದೇ ಡಬ್ಬಿಯಲ್ಲಿ ಕೇಶವ ನೀರು ಮೊಗೆದು ಮೊಗೆದು ಚೆಲ್ಲಿದ. ಮೋಟಾರು ಸತ್ತಿತ್ತು. ಇದ್ದ ಒಂದು ಹುಟ್ಟನ್ನು ಶಫಿ ಹಾಕಿದ. ದಡ ಮುಟ್ಟಲು ಅರ್ಧ ಗಂಟೆ ಹಿಡಿಯಿತು, ಅಷ್ಟೂ ಹೊತ್ತು ಕೇಶವನ ಹಲ್ಲು ಕಟಕಟಿಸುತ್ತಿತ್ತು.

ದೋಣಿಯನ್ನು ಟ್ರೈಲರಿಗೆ ಏರಿಸಿದ ಮೇಲೆ ಶಫಿ ವ್ಯಾನಿನ ಡ್ರೈವರ್ ಬಾಗಿಲಿಗೆ ಕೈ ಹಾಕಿದ. ಕೇಶವ ಅಡ್ಡ ನಿಂತ.

"ಎಷ್ಟ್ ದಿನ ಆಯ್ತು?"

"ಯಾವ್ದು?"

"ಆಟ ಆಡ್ಬೇಡ ಶಫಿ. ನಿನ್ ಕಾಲು ಅಷ್ಟೊತ್ತು ಐಸಲ್ಲಿತ್ತು."

"ಕೈ ಎರಡು ವರ್ಷ," ಅಂದ ಶಫಿ. "ಕಾಲು ಅದಕ್ಕೂ ಮುಂಚೆ."

ಕೇಶವ ತೆರೆದ ಬಾಗಿಲಿನಿಂದ ಒಳಗೆ ಪೆಡಲುಗಳನ್ನು ನೋಡಿದ.

"ಬ್ರೇಕ್ ಗೊತ್ತಾಗುತ್ತಾ?"

ಗೊತ್ತಾಗುತ್ತೆ ಅನ್ನಬಹುದಾಗಿತ್ತು. ಎರಡು ವರ್ಷದ ರೂಢಿ, ನಾಲಿಗೆಯ ತುದಿಯಲ್ಲೇ ಇತ್ತು. "ನೋಡ್ಕೊಂಡು ಒತ್ತೀನಿ," ಅಂದ ಶಫಿ.

"ಕೆಳಗ್ ನೋಡ್ಕೊಂಡಾ? ಮತ್ತೆ ರೋಡ್ ಯಾರ್ ನೋಡ್ತಾರೆ? ನಿಮ್ಮಪ್ಪ ನೋಡ್ತಾರಾ?"

"ಕೇಶವಾ..."

"ಊರೋರ ತಪ್ಪೆಲ್ಲ ಹಿಡೀತೀಯಲ್ಲೋ ಆಫೀಸಲ್ಲಿ! ನಾನು ಈಜು ಬರ್ದೋನು ಬಂದು ನಿನ್ ದೋಣೀಲಿ ಕೂತೆ, ಅದು ನನ್ ಹಣೇಬರಹ ಅನ್ನು. ನನ್ ಮಗಳು? ಅವ್ಳೇನ್ ಮಾಡಿದ್ಲು? ದಿನಾ ಬೆಳಿಗ್ಗೆ ಬಾಗ್ಲಲ್ಲಿ ನಿಂತು ಕೈ ಬೀಸಿ ಕಳಿಸ್ತೀನಲ್ಲೋ ನಾನು!"

ಶಫಿಗೂ ರೇಗಿತು. ಸಿಕ್ಕಿಬಿದ್ದವನ ರೇಗಾಟ. "ಬಿರಡೆ ನಿನ್ ಜೇಬಲ್ಲಿತ್ತು. ಅದನ್ ಹೇಳು ಮೊದ್ಲು."

"ಹೌದು, ಇತ್ತು. ಮರ್ತೆ. ಉಷಾ ಮುಂದೇನೂ ಹೇಳ್ತೀನಿ, ಮರ್ತೆ ಅಂತ. ನೀನು ಮರ್ತಿದ್ದಲ್ಲ ಶಫಿ. ಮುಚ್ಚಿಟ್ಟಿದ್ದು."

ಕೇಶವ ಕೈ ಚಾಚಿದ. ಬೆರಳುಗಳು ಇನ್ನೂ ನೀಲಿಯಾಗಿದ್ದವು, ಉಗುರಿನ ಸಂದಿಯಲ್ಲಿ ಕುಂಕುಮ. ಶಫಿ ಕೀ ಕೊಟ್ಟ.

ಟ್ರೈಲರ್ ಎಳೆದು ಗೊತ್ತಿಲ್ಲದ ಕೇಶವ ಪ್ರತಿ ತಿರುವಿನಲ್ಲೂ ಫುಟ್‌ಪಾತು ಹತ್ತಿಸಿದ. ಅಗಲವಾಗಿ ತಿರುಗಿಸು ಅಂತ ಹೇಳಲು ಶಫಿಗೆ ಬಾಯಿ ಬರಲಿಲ್ಲ. ಕ್ರಾಸ್‌ರೋಡ್ಸ್‌ನಲ್ಲಿ ಇಳಿಸುವಾಗ ಕೇಶವ ಅಂದದ್ದು ಇಷ್ಟೇ: "ರೇಹಾನಾಗೆ ನೀನ್ ಹೇಳ್ತೀಯೋ, ನಾನ್ ಫೋನ್ ಮಾಡ್ಲೋ?"

"ನಾನೇ ಹೇಳ್ತೀನಿ."

"ಇವತ್ತು."

ರೇಹಾನಾ ಬಾಗಿಲು ತೆಗೆದವಳೇ, "ಯಾ ಅಲ್ಲಾ! ಆ ಬೂಟಲ್ಲಿ ಒಳಗ್ ಬರ್ಬೇಡಿ, ಕಾರ್ಪೆಟ್ಟು!" ಅಂದಳು. ಅವನು ಬಾಗಿಲಲ್ಲೇ ಕೂತು ಬೂಟು ಬಿಚ್ಚಿದ. ಕಾಲುಚೀಲ ಎಳೆದಾಗ ಬಲಗಾಲಿನ ಕಿರುಬೆರಳ ಬುಡದಲ್ಲಿ ಎಂಟಾಣೆ ಅಗಲದ ಹುಣ್ಣು. ಎಂದಿನದೋ, ಅವನಿಗೂ ಗೊತ್ತಿಲ್ಲ. ಹಾಗೇ ಕೂತಲ್ಲೇ ಎಲ್ಲ ಹೇಳಿದ: ಬೆರಳು, ಹಳದಿ ದಾರ, ನರ್ಸಮ್ಮನಿಗೆ ಮಾಡಿದ ಮೋಸ, ಫೆಬ್ರವರಿಯ ಸಿಗ್ನಲ್ಲು. ಸಿಗ್ನಲ್ಲಿನ ಮಾತು ಬಂದಾಗ ಅವಳು ಒಳಗಿನ ಕೋಣೆಯ ಕಡೆ ನೋಡಿದಳು. ಅರ್ಶಿಯಾ ಬಾಗಿಲು ಹಾಕಿಕೊಂಡು ಓದುತ್ತಿದ್ದಳು.

ರೇಹಾನಾ ಎದ್ದು ಹೋಗಿ ಟಬ್ಬಿನಲ್ಲಿ ಬಿಸಿನೀರು ತಂದಳು. ಅವನು ಕಾಲು ಇಡಲು ಹೋದ. ಅವಳು ತಟ್ಟನೆ ಅವನ ಮೊಣಕಾಲು ಹಿಡಿದು ನಿಲ್ಲಿಸಿ, ಮೊದಲು ತನ್ನ ಮೊಣಕೈ ಅದ್ದಿ ನೋಡಿದಳು. ಸುಡುತ್ತಿತ್ತು. ತಣ್ಣೀರು ಬೆರೆಸಿದಳು. ಮತ್ತೆ ಅದ್ದಿ ನೋಡಿದಳು. ಕೂಸಿಗೆ ನೀರು ಹಾಕುವಾಗ ನೋಡುವ ಹಾಗೆ.

"ಮಾವನ ಕಾಲು ಮೂರು ತಿಂಗಳು ನಾನೇ ತೊಳ್ದಿದೀನಿ," ಅಂದಳು. ದನಿ ಏರಿರಲಿಲ್ಲ. "ವಾಸನೆ ಬರೋವರ್ಗೂ ಅವ್ರೂ ಯಾರಿಗೂ ಹೇಳಿರ್ಲಿಲ್ಲ."

"ನನ್ನೂ ಆ ಕುರ್ಚೀಲಿ ಕೂರಿಸ್ತೀರ ಅಂತ ಹೆದರ್ದೆ ರೇಹಾನಾ."

"ಹೆದರ್ಕೊಳ್ಳಿ. ಬೇಡ ಅಂದೋರ್ ಯಾರು? ಹೆದರ್ಕೊಂಡು ನನ್ ಹತ್ರ ಬರ್ಬೇಕಿತ್ತು. ಮಗೂನ ಕೂರಿಸ್ಕೊಂಡು ರೋಡಿಗ್ ಹೋಗೋದಲ್ಲ." ಹುಣ್ಣಿನ ಸುತ್ತ ಒರೆಸುತ್ತಿದ್ದ ಅವಳ ಕೈ ನಿಂತಿತು. "ಇಬ್ರು ಮಕ್ಳು ರೀ. ಒಂದು ನಮ್ದೂ ಅಲ್ಲ."

ಆಮೇಲೆ ಅವಳು ಅಳತೊಡಗಿದಳು, ಬಟ್ಟೆಯನ್ನು ಹಾಗೇ ಹಿಡಿದುಕೊಂಡು. ಅವನು ಅವಳ ತಲೆಯ ಮೇಲೆ ಕೈ ಇಟ್ಟ. ಕೂದಲು ಒದ್ದೆಯೋ ಒಣಗಿದೆಯೋ ಬೆರಳಿಗೆ ತಿಳಿಯಲಿಲ್ಲ.

ಭಾನುವಾರ ಕೇಶವನ ಫೋನ್ ಬರಲಿಲ್ಲ. ಉಷಾ ರೇಹಾನಾಗೆ ಫೋನ್ ಮಾಡಿ, ಬಿರಡೆಗೆ ಕೈ ಹಚ್ಚಿದ್ದು ತನ್ನದೇ ತಪ್ಪು ಅಂತ ಅತ್ತಳಂತೆ. ಕೇಶವ ಏನಂದ ಅಂತ ಶಫಿ ಕೇಳಿದ. "ಅವ್ರು ಮಾತಾಡ್ತಾ ಇಲ್ವಂತೆ," ಅಂದಳು ರೇಹಾನಾ.

ಸೋಮವಾರ ಅರ್ಶಿಯಾಳನ್ನು ಸ್ಕೂಲಿಗೆ ಬಿಡುವುದು ಯಾರು ಅನ್ನುವುದೇ ತೀರ್ಮಾನವಾಗಿರಲಿಲ್ಲ. ಏಳೂ ಕಾಲಿಗೆ ಕೆಳಗೆ ಒಂದು ಕಾರು ಬಂದು ನಿಂತಿತು. ಕೇಶವನದು. ಹಾರ್ನ್ ಹೊಡೆಯಲಿಲ್ಲ, ಇಳಿದು ಬರಲಿಲ್ಲ. ಅರ್ಶಿಯಾ ಬ್ಯಾಗು ಹೆಗಲಿಗೇರಿಸಿ ಅಪ್ಪನ ಮುಖ ನೋಡಿದಳು; ಅವಳಿಗೂ ಎಲ್ಲ ಗೊತ್ತಾಗಿತ್ತು. "ಬೈ, ಅಬ್ಬು," ಅಂದು ಇಳಿದು ಹೋದಳು. ಶಫಿ ಮೆಟ್ಟಿಲಿನ ಕಂಬಿ ಹಿಡಿದು, ಪ್ರತಿ ಹೆಜ್ಜೆಯನ್ನೂ ನೋಡಿಕೊಳ್ಳುತ್ತ ಹಿಂದೆಯೇ ಇಳಿದ. ಈಗ ಯಾರಾದರೂ ನೋಡಿಯಾರು ಅನ್ನುವ ನಾಚಿಕೆ ಇರಲಿಲ್ಲ.

ಮಳೆ ಮತ್ತೆ ಹಿಡಿದಿತ್ತು. ಕೇಶವ ಕಿಟಕಿಯ ಗಾಜು ಇಳಿಸಿದ. ಕಣ್ಣು ರಸ್ತೆಯ ಮೇಲೇ ಇತ್ತು.

"ಡಾಕ್ಟ್ರು ಯಾವತ್ತು?"

"ಗುರುವಾರ. ಒಂಬತ್ತೂವರೆ."

"ಹೆಂಗ್ ಹೋಗ್ತೀಯ?"

"ರೇಹಾನಾಗೆ ಅವತ್ತು ರಜ ಸಿಗಲ್ವಂತೆ. ಬಸ್ಸಿದೆ."

ಹಿಂದೆ ಕೂತ ಜಾಹ್ನವಿ, ಅರ್ಶಿಯಾ ಇಬ್ಬರೂ ಫೋನು ನೋಡುವ ನೆವದಲ್ಲಿ ಕಿವಿ ಇತ್ತಲೇ ಇಟ್ಟಿದ್ದರು.

"ಬಸ್ಸು ಬೇಡ. ಗುರುವಾರ ಇವ್ರನ್ ಬಿಟ್ಟು ಎಂಟೂಮುಕ್ಕಾಲಿಗೆ ಬರ್ತೀನಿ. ಇಲ್ಲೇ ಕೆಳಗೆ ನಿಂತಿರು." ಕೇಶವ ಗೇರ್ ಹಾಕಿದ. "ನಿನ್ ಮೇಲೆ ಕೋಪ ಹೋಗಿದೆ ಅಂತ ತಿಳ್ಕೋಬೇಡ. ಹೋಗಿಲ್ಲ. ಡಾಕ್ಟ್ರು ಕಾಲು ನೋಡುವಾಗ ನಾನೂ ಒಳಗ್ ಬರ್ತೀನಿ."

"ಬಾ," ಅಂದ ಶಫಿ.

ಗಾಜು ಮೇಲೇರಿತು. ಕಾರು ನಿಧಾನವಾಗಿ ಹೊರಟು, ಗೇಟಿನ ಹತ್ತಿರ ಪೂರ್ತಿ ನಿಂತು, ಎರಡೂ ಕಡೆ ನೋಡಿ, ಎಡಕ್ಕೆ ತಿರುಗಿತು.